ಉಸಿರಿಗೆ ಮೇಲೆ ಬರುವ ಮೀನು

ನನಗೆ ಬೇಕಾಗಿದ್ದದ್ದು ತಿಮಿಂಗಿಲ. ಸಮುದ್ರದಿಂದ ಇಷ್ಟು ದೂರದ ವಾಡಿಯಲ್ಲಿ ಕೂತುಕೊಂಡು ತಿಮಿಂಗಿಲ ಬೇಕು ಅನ್ನುವವನಿಗೆ ತಲೆ ನೆಟ್ಟಗಿಲ್ಲ ಅಂತ ನನ್ನ ಹೆಂಡತಿ ಮುಖದ ಮೇಲೇ ಹೇಳಿದ್ದಳು. ಆದರೆ ಆ ವಿಡಿಯೋಗಳನ್ನು ಒಮ್ಮೆ ನೋಡಿದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಎಲ್ಲಿಯದೋ ಸಮುದ್ರ, ಮೇಲೆ ಡ್ರೋನು, ಕೆಳಗೆ ನೀಲಿ ನೀರಿನಲ್ಲಿ ಒಂದು ತಾಯಿ, ಅದರ ಮಗ್ಗುಲಿಗೆ ಅಂಟಿಕೊಂಡ ಮರಿ. ದಡದಲ್ಲಿ ನಿಂತವನಿಗೆ ಕಾಣುವುದು ಬೆನ್ನಿನ ಒಂದು ತುಂಡು ಮಾತ್ರ. ಮೇಲಿನಿಂದ ನೋಡಿದರೆ ಇಡೀ ಸಂಸಾರವೇ ಕಾಣುತ್ತದೆ. ನಾನು ಮದುವೆ ವಿಡಿಯೋ ತೆಗೆಯುವವನು. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಲ್ಯಾಣ ಮಂಟಪಗಳ ಮೇಲೆ ಹಾರಿ ಹಾರಿ ನನ್ನ ಡ್ರೋನಿಗೂ ಬೇಜಾರಾಗಿತ್ತು. ಮದುಮಗ ಕಾರಿನಿಂದ ಇಳಿಯುತ್ತಾನೆ, ಡ್ರೋನು ಮೇಲೇರುತ್ತದೆ, ಎಲ್ಲರೂ ಕತ್ತೆತ್ತಿ ಬಾಯಿ ತೆರೆದು ನೋಡುತ್ತಾರೆ. ಊರು ಬೇರೆ, ಮದುಮಗ ಬೇರೆ, ಬಾಯಿ ಮಾತ್ರ ಅವೇ.

ಹಾಗಂತ ನಮ್ಮ ಸೀಮೆಗೆ ಸಮುದ್ರದ ಗಂಧವೇ ಇಲ್ಲ ಅನ್ನುವಂತಿಲ್ಲ. ನಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳ ಆಗಿತ್ತಂತೆ. ಹೆಂಡತಿ ಚಿತ್ತಾಪುರದ ಶಾಲೆಯಲ್ಲಿ ಟೀಚರು, ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತಾಳೆ. ಅಂದರೆ ಸಮುದ್ರ ಇತ್ತು, ನಾನು ಹುಟ್ಟುವುದು ಸ್ವಲ್ಪ ತಡವಾಯಿತು ಅಷ್ಟೆ.

ಕೊನೆಗೆ ನಾನು ನೀರಿನ ಜೀವಗಳ ಬೆನ್ನು ಹತ್ತಿದ್ದು ಸಮುದ್ರದಿಂದಲ್ಲ, ನಮ್ಮ ಅತ್ತೆಯಿಂದ.

ಅತ್ತೆ ಅಂದರೆ ಹೆಂಡತಿಯ ತಾಯಿ. ಊರು ಆಡಕಿ. ಅಲ್ಲಿ ಇಬ್ಬರು ಗಂಡುಮಕ್ಕಳು, ಹೊಲ, ಎಮ್ಮೆ, ಎಲ್ಲ ಇದೆ. ಆದರೆ ಅವರಿಗೆ ದಮ್ಮು. ತೊಗರಿ ರಾಶಿಯ ಧೂಳು ಮೂಗಿಗೆ ಹೋದರೆ ಎದೆ ಕಟ್ಟಿಬಿಡುತ್ತಿತ್ತು. ಒಮ್ಮೆ ವಿಪರೀತವಾಗಿ ಕಲಬುರಗಿಯ ಆಸ್ಪತ್ರೆಯಲ್ಲಿ ಇಟ್ಟು ಬಂದ ಮೇಲೆ, ಡಾಕ್ಟರ ಹತ್ತಿರ ಹೋಗಿಬರಲು ರೈಲು ಸಲೀಸು ಅಂತ ಹೆಂಡತಿ ಅವರನ್ನು ವಾಡಿಗೆ ಕರೆತಂದಳು. ಸಿಮೆಂಟಿನ ಧೂಳು, ಕಲ್ಲು ಪಾಲಿಶ್ ಮಾಡುವ ಮಶೀನುಗಳ ಧೂಳು, ಲಾರಿಗಳ ಧೂಳು, ಇಷ್ಟೆಲ್ಲ ಇರುವ ಊರಿಗೆ ಉಸಿರಾಟ ಸುಧಾರಿಸಲಿ ಅಂತ ಬಂದವರು ಜಗತ್ತಿನಲ್ಲಿ ನಮ್ಮ ಅತ್ತೆ ಒಬ್ಬರೇ ಇರಬೇಕು. ಡಾಕ್ಟರು ಬಾಯಲ್ಲಿಟ್ಟು ಒತ್ತಿ ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ದಿನಾ ಎರಡು ಹೊತ್ತು ತಪ್ಪಿಸಬಾರದು, ಎದೆ ಬಿಗಿದಾಗ ಮತ್ತೊಂದು ಪಂಪು ಕೈಯಲ್ಲೇ ಇರಬೇಕು ಅಂತ ತಾಕೀತು ಮಾಡಿದ್ದರು. ತಪ್ಪಿಸಿದರೆ ಮುಂದಿನ ಸಲ ನಾನು ಜವಾಬ್ದಾರನಲ್ಲ ಅಂತಲೂ ಅಂದಿದ್ದರು. ಆ ಮಾತು ಕೇಳಿದ ದಿನದಿಂದ ಹೆಂಡತಿಗೆ ಸರಿಯಾಗಿ ನಿದ್ದೆಯಿಲ್ಲ.

ನಮ್ಮ ಕಡೆ ಅತ್ತೆಯಾದವರು ಅಳಿಯನ ಎದುರಿಗೆ ಕೂರುವುದಿಲ್ಲ. ತಲೆಯ ಮೇಲಿನ ಸೆರಗು ಜಾರುವಂತಿಲ್ಲ, ನೇರ ಮುಖ ಕೊಟ್ಟು ಮಾತಾಡುವಂತಿಲ್ಲ, ಅಳಿಯ ಇದ್ದಲ್ಲಿ ಉಣ್ಣುವಂತಿಲ್ಲ, ಬಾಯಿ ತೆರೆದು ನಗುವಂತಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಇದೆಲ್ಲ ಸಡಿಲವಾಗಿದೆ. ಅತ್ತೆ ಅಳಿಯ ಒಟ್ಟಿಗೆ ಕೂತು ಟಿವಿ ನೋಡುತ್ತಾ ಜಗಳಾಡುವುದನ್ನೂ ನಾನು ಕಂಡಿದ್ದೇನೆ. ನಮ್ಮ ಅತ್ತೆ ಮಾತ್ರ ಒಂದೆಳೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ನನಗೆ ಹೇಳಬೇಕಾದದ್ದನ್ನು ಮಗಳಿಗೆ ಹೇಳುವರು, ಮಗಳು ನನಗೆ ಹೇಳುವಳು, ನಾವು ಮೂವರೂ ಒಂದೇ ಕೋಣೆಯಲ್ಲಿ ಇದ್ದರೂ ಅಷ್ಟೆ. ಮಗಳು ಶಾಲೆಗೆ ಹೋದ ಮೇಲೆ ಅವರು ಮಾತಾಡುತ್ತಿದ್ದದ್ದು ಬಾಗಿಲಿನ ಜೊತೆ.

“ರೊಟ್ಟಿ ಆರ್ಲಿಕತ್ತಾವ. ಉಣ್ಣೋರು ಉಂಡ್ರ ಛಲೋ ಆಗ್ತದ,” ಅಂತ ಬಾಗಿಲಿಗೆ ಹೇಳುವರು.

“ಬಂದೆ,” ಅಂತ ನಾನೂ ಬಾಗಿಲಿಗೇ ಹೇಳುತ್ತಿದ್ದೆ.

ಇದೆಲ್ಲ ನನಗೆ ಮೊದಮೊದಲು ಮೋಜು ಅನಿಸಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ನಾನು ಮನೆಯಲ್ಲಿದ್ದಾಗ ಒಳಕೋಣೆ ತೀರಾ ಗಪ್ಪಾಗಿರುತ್ತಿತ್ತು. ದಮ್ಮು ಇರುವವರ ಕೋಣೆ ಹಾಗಿರುವುದಿಲ್ಲ. ಕೆಮ್ಮು ಇರಬೇಕು, ಸುಂಯ್ ಅನ್ನುವ ಸದ್ದು ಇರಬೇಕು, ಪಂಪು ಒತ್ತಿದಾಗ ಫುಸ್ ಅಂತ ಕೇಳಬೇಕು. ನಮ್ಮದು ಎರಡೇ ಕೋಣೆಯ ಮನೆ, ನಡುವೆ ಬಾಗಿಲಿನ ಚೌಕಟ್ಟು ಇದೆಯೇ ಹೊರತು ಕದ ಇಲ್ಲ, ಒಂದು ಪರದೆ ಇಳಿಬಿಟ್ಟಿದ್ದೇವೆ. ಏನೂ ಕೇಳುತ್ತಿರಲಿಲ್ಲ. ಹೆಂಡತಿಯನ್ನು ಕೇಳಿದೆ.

“ನೀವು ಮನ್ಯಾಗಿದ್ರ ಅವ್ವ ಪಂಪ್ ಹಚ್ಕೊಳ್ಳಂಗಿಲ್ರಿ,” ಅಂದಳು. “ಕೆಮ್ಮಂಗಿಲ್ಲ. ಉಸುರು ಸೈತ ಮೆಲ್ಲಕ ಬಿಡ್ತಾಳ. ಅಳೇರಿಗಿ ಕೇಳಸ್ತದ ಅಂತಾಳ.”

“ಯಾಕ, ನಾ ಏನ್ ಹುಲಿ ಏನು?”

“ಹುಲಿ ಇದ್ರ ಛಲೋ ಇತ್ತು. ನೀವು ಅಳಿಯ ಅದೀರಿ.”

ನನಗೆ ಸಿಟ್ಟು ಬೇಗ ಬರುತ್ತದೆ, ಅಂದೂ ಬಂತು. ಪರದೆಗೆ ಕೇಳುವ ಹಾಗೆ, ಈ ಮರ್ಯಾದೆ ನನಗೆ ಬೇಡ, ಯಾರಿಗೆ ಬೇಕೋ ಅವರಿಗೆ ಕೊಡಲಿ, ಬಾಯಿ ತೆರೆದು ಔಷಧಿ ತಗೊಂಡರೆ ಯಾರ ಮಾನ ಹೋಗುತ್ತದೆ ಅಂತ ಕೂಗಾಡಿದೆ. ಒಳಗಿನಿಂದ ಅತ್ತೆ ಮಗಳಿಗೆ ಹೇಳಿದ ಮಾತು ನನಗೂ ಕೇಳಿಸಿತು. “ಅವ್ರು ದೊಡ್ಡ ಮನಸಿನವ್ರು, ಬ್ಯಾಡ ಅಂತಾರ. ಅವ್ರು ಬ್ಯಾಡ ಅಂದ್ರ ಅಂತ ನಾ ಬಿಟ್ರ ಹ್ಯಾಂಗ?” ಅಂದು ಅವರು ಮೊದಲಿಗಿಂತ ಇನ್ನೂ ಗಪ್ಪಾದರು. ನಾನು ಮನೆಯಲ್ಲಿ ಕೂತಷ್ಟು ಹೊತ್ತೂ ಅತ್ತೆಗೆ ಉಸಿರು ಸಾಲುವುದಿಲ್ಲ, ಇದು ಲೆಕ್ಕದಷ್ಟು ಸ್ಪಷ್ಟವಿತ್ತು. ಆಷಾಢ ಬೇರೆ, ಮದುವೆಗಳಿಲ್ಲ, ಕೆಲಸವಿಲ್ಲದ ಗಂಡಸು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ. ಹೀಗಾಗಿ ನಾನು ಡ್ರೋನಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆ ಬಿಡಲು ಶುರು ಮಾಡಿದೆ.

ಹೋಗುವುದೆಲ್ಲಿಗೆ? ಕಾರ್ಖಾನೆಗಳ ಮೇಲೆ, ರೈಲು ಹಳಿಯ ಮೇಲೆ ಹಾರಿಸುವಂತಿಲ್ಲ. ಚಂದ್ರಂಪಳ್ಳಿಯ ಕೆರೆ ದೂರ, ಸುತ್ತ ಕಾಡು, ಅಲ್ಲಿ ಪರವಾನಗಿ ಬೇಕು. ನಮ್ಮ ಓಣಿಯ ಹಿಂದೆ, ನಡೆದು ಹೋಗುವಷ್ಟು ದೂರದಲ್ಲಿ, ಶಹಾಬಾದಿನ ಕಡೆಗೆ ಒಂದು ಹಳೆಯ ಕಲ್ಲಿನ ಖಣಿ ಇದೆ. ಕಲ್ಲು ತೆಗೆಯುವುದು ನಿಂತು ಬಹಳ ವರ್ಷ ಆಯಿತು. ಹೊಂಡದಲ್ಲಿ ನೀರು ತುಂಬಿದೆ, ಸುತ್ತ ಒಡೆದ ಫರ್ಸಿ ಕಲ್ಲುಗಳ ಗುಡ್ಡೆಗಳು. ಕೆಳಗೆ ಕೆಸರಿಲ್ಲ, ಬರೀ ಕಲ್ಲು, ಹಾಗಾಗಿ ನೀರು ಎಷ್ಟು ತಿಳಿ ಅಂದರೆ ಹಿಂದಿನವರು ಕಲ್ಲು ಕೊರೆದ ಮೆಟ್ಟಿಲುಗಳು ತಳದವರೆಗೆ ಕಾಣುತ್ತವೆ. ಮೊದಲ ದಿನ ಸುಮ್ಮನೆ ಹಾರಿಸಿದೆ. ರಿಮೋಟಿನ ಪರದೆಯ ಮೇಲೆ ಹಸಿರು ನೀರಿನ ಮೂಲೆಯಲ್ಲಿ ಯಾರೋ ಕೇಸರಿ ಕುಂಕುಮ ಚೆಲ್ಲಿದ ಹಾಗೆ ಒಂದು ಕಲೆ ಕಂಡಿತು. ಪೂಜೆ ಮಾಡಿ ಎಸೆದದ್ದಿರಬೇಕು ಅಂದುಕೊಂಡೆ. ಆಮೇಲೆ ಆ ಕುಂಕುಮ ಎಡಕ್ಕೆ ತಿರುಗಿತು.

ಅವು ಮರಲ್ ಮೀನಿನ ಮರಿಗಳು. ನಮ್ಮಲ್ಲಿ ಮರಲ್ ಅಂತಾರೆ, ಚಿಂಚೋಳಿಯ ಆಚೆ ತೆಲುಗಿನವರು ಕೊರಮೀನು ಅಂತಾರೆ. ದೊಡ್ಡ ಮರಲ್ ಕಪ್ಪಗೆ, ಹಾವಿನ ತಲೆಯಂಥ ತಲೆ. ಮರಿಗಳು ಮಾತ್ರ ಹುಟ್ಟಿದ ಹೊಸದರಲ್ಲಿ ಕೆಂಪು ಕೇಸರಿ ಬಣ್ಣ, ನೂರಾರು ಒಟ್ಟಿಗೆ ಒಂದು ಉಂಡೆಯಾಗಿ ತಿರುಗುತ್ತವೆ. ದಡದಲ್ಲಿ ನಿಂತರೆ ಇಷ್ಟೇ ಕಾಣುತ್ತಿತ್ತು. ಮೇಲಿನಿಂದ ನೋಡಿದಾಗ ಆ ಉಂಡೆಯ ಕೆಳಗೆ ಎರಡು ಉದ್ದನೆಯ ನೆರಳುಗಳು ಕಂಡವು, ತಾಯಿ ಮತ್ತು ತಂದೆ. ಉಂಡೆ ಎಡಕ್ಕೆ ಹೋದರೆ ಅವೂ ಎಡಕ್ಕೆ, ನಿಂತರೆ ಅವೂ ನಿಲ್ಲುವವು. ಆಗಾಗ ಮರಿಗಳೆಲ್ಲ ಒಟ್ಟಿಗೆ ಮೇಲೆ ಬಂದು ಬಾಯಿಟ್ಟು ಗಾಳಿ ತಗೊಳ್ಳುತ್ತಿದ್ದವು. ಆಗ ಅಷ್ಟು ಜಾಗದಲ್ಲಿ ಮಾತ್ರ ಮಳೆ ಬಿದ್ದ ಹಾಗೆ ನೀರು ಚುರುಚುರು ಅನ್ನುತ್ತಿತ್ತು. ಮರಲ್ ನೀರಿನಲ್ಲಿದ್ದರೂ ಹೊರಗಿನ ಗಾಳಿ ಬೇಕಾದ ಮೀನು. ಮೇಲೆ ಬಂದು ಉಸಿರು ತಗೊಳ್ಳದಿದ್ದರೆ ಅದು ನೀರಿನಲ್ಲೇ ಸಾಯುತ್ತದೆ.

ನಾನು ತಿಮಿಂಗಿಲವನ್ನು ಮರೆತೆ. ದಿನಾ ಹೋಗತೊಡಗಿದೆ. ಈ ಕೆಲಸಕ್ಕೂ ಒಂದು ನಾಜೂಕು ಬೇಕು ಅಂತ ತಪ್ಪು ಮಾಡಿ ಮಾಡಿ ಕಲಿತೆ. ಬಿಸಿಲು ನೆತ್ತಿಗೆ ಬಂದರೆ ನೀರಿನ ಮೇಲೆ ಸೂರ್ಯ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದಕ್ಕೇ ಬೆಳಗಿನ ಹೊತ್ತೇ ಸರಿ. ಲೆನ್ಸಿಗೆ ಹೊಳಪು ಕಡಿಮೆ ಮಾಡುವ ಗಾಜು ಹಾಕಬೇಕು. ತುಂಬಾ ಕೆಳಗೆ ಇಳಿಸಿದರೆ ರೆಕ್ಕೆಯ ಗಾಳಿಗೆ ನೀರು ಕಲಕುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನೆರಳು. ಡ್ರೋನಿನ ನೆರಳು ಮರಿಗಳ ಮೇಲೆ ಬಿದ್ದ ಕ್ಷಣವೇ ಹದ್ದು ಬಂತು ಅಂದುಕೊಂಡು ಇಡೀ ಉಂಡೆ ಕೆಳಗೆ ಮುಳುಗುತ್ತಿತ್ತು. ಮತ್ತೆ ಮೇಲೆ ಬರಲು ಅವಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಮೊದಲು ತಂದೆಯೋ ತಾಯಿಯೋ ಒಂದು ಬಂದು ನೋಡಿಹೋಗುತ್ತಿತ್ತು. ಆದ್ದರಿಂದ ಸೂರ್ಯ ಯಾವ ಕಡೆ ಇದ್ದಾನೆ ನೋಡಿಕೊಂಡು ನೆರಳನ್ನು ಯಾವಾಗಲೂ ಪಕ್ಕದ ಬಂಡೆಯ ಮೇಲೆ ಬೀಳಿಸಬೇಕು. ಮದುವೆಗಳಲ್ಲಿ ಇಂಥ ಮುಜುಗರ ಯಾರಿಗೂ ಇರಲಿಲ್ಲ. ಅಲ್ಲಿ ನನ್ನ ನೆರಳು ಯಾರ ಮೇಲೆ ಬಿತ್ತು ಅಂತ ನಾನು ಒಂದು ದಿನವೂ ನೋಡಿದವನಲ್ಲ.

ಒಂದು ಭಾನುವಾರ ಹೆಂಡತಿ ಆ ವಿಡಿಯೋಗಳನ್ನು ಟಿವಿಗೆ ಹಚ್ಚಿದಳು. ಅತ್ತೆ ಬಾಗಿಲಿನ ಪರದೆಯ ಅಂಚಿನಲ್ಲಿ ನಿಂತರು, ಸೆರಗು ಹಣೆಯವರೆಗೆ ಎಳೆದುಕೊಂಡು, ಅರ್ಧ ಮುಖ ಗೋಡೆಗೆ. ಕೂರು ಅಂದರೆ ಕೂರಲಿಲ್ಲ.

“ಇವು ಮರಲ್ ಮರಿ ಹೌದಲ್ಲೇನು ಕೇಳು,” ಅಂದರು ಮಗಳಿಗೆ.

“ಹೌದಂತ,” ಅಂದಳು ಮಗಳು, ನಾನು ಬಾಯಿ ತೆರೆಯುವ ಮೊದಲೇ.

“ಇಂಥವೇ ಎರಡು ನುಂಗೀನಿ ನಾ.”

ಅದು ನಿಜ. ನಮ್ಮ ಕಡೆ ದಮ್ಮು ಇರುವವರು ಮಿರಗದ ಮಳೆ, ಅಂದರೆ ಮೃಗಶಿರ, ಕೂಡುವ ಹೊತ್ತಿಗೆ ಹೈದರಾಬಾದಿಗೆ ಹೋಗಿ, ಬಾಯಲ್ಲಿ ಔಷಧಿ ಇಟ್ಟ ಜೀವಂತ ಮರಲ್ ಮರಿಯನ್ನು ನುಂಗಿ ಬರುತ್ತಾರೆ. ಅತ್ತೆ ಎರಡು ವರ್ಷ ಹೋಗಿದ್ದರು. ಮೂರನೆಯ ವರ್ಷವೂ ನುಂಗಿದರೆ ಗುಣ ಅನ್ನುವ ನಂಬಿಕೆ. ಈ ವರ್ಷ ಆ ಗದ್ದಲದಲ್ಲಿ ನಿಲ್ಲುವ ತ್ರಾಣ ಇಲ್ಲ ಅಂತ ಮಗಳು ಬಿಟ್ಟಿರಲಿಲ್ಲ. ಅದರ ಸಂಕಟ ಅವರಿಗೆ ಒಳಗೊಳಗೇ ಇತ್ತು. ಟಿವಿಯಲ್ಲಿ ಮರಿಗಳು ಮೇಲೆ ಬಂದು ಗಾಳಿ ತಗೊಂಡವು, ಕೆಳಗಿನ ಎರಡು ನೆರಳು ಕದಲದೆ ನಿಂತವು.

“ಆ ಎರಡರ ಅವ್ವಪ್ಪ ಎಲ್ಲಿ ಹುಡುಕ್ಯಾಡಿದ್ವೋ ಏನೋ,” ಅಂದರು ಅತ್ತೆ. “ಮ್ಯಾಲ ಯಾಕ ಬರ್ತಾವ, ಕೇಳು,” ಅಂದರು.

ನಾನು ಟಿವಿಗೇ ಹೇಳಿದೆ. ಉಸಿರಿಗೆ ಬರುತ್ತವೆ, ಬರದಿದ್ದರೆ ಸಾಯುತ್ತವೆ ಅಂತ. ಈ ಮಾತಿನಿಂದ ಅವರಿಗೆ ಬುದ್ಧಿ ಬಂದು ನಾಳೆಯಿಂದ ಪಂಪು ಹಿಡಿಯುತ್ತಾರೆ ಅಂತ ನಾನು ಆಸೆಪಟ್ಟದ್ದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ನಾನು ಬೇಕಂತಲೇ ಮನೆಯಲ್ಲಿ ಕೂತು ನೋಡಿದೆ. ಪರದೆಯ ಆಚೆ ಅದೇ ಮೌನ. ನಾನು ಎದ್ದು ಅಂಗಳ ದಾಟಿದ ಮೇಲೆ ಹಿಂದಿನಿಂದ ಕೆಮ್ಮು ಕೇಳಿಸಿತು, ಎಷ್ಟೋ ಹೊತ್ತಿನಿಂದ ಅದುಮಿ ಇಟ್ಟಂಥ ಕೆಮ್ಮು. ನನಗೆ ಬಹಳ ಕೆಟ್ಟದೆನಿಸಿತು.

ಆಷಾಢದ ಕೊನೆಯ ಕಡೆಗೆ, ಮರಿಗಳ ಕೆಂಪು ಬಣ್ಣ ಮಾಸುತ್ತಾ ಬಂದಿದ್ದ ಸಮಯ. ಇನ್ನು ಕೆಲವೇ ದಿನಗಳಲ್ಲಿ ಅವು ಚದುರಿ ತಂತಮ್ಮ ದಾರಿ ಹಿಡಿಯುತ್ತವೆ ಅಂತ ನಾನು ಅವಸರದಲ್ಲಿದ್ದೆ. ಆ ಅವಸರದಲ್ಲೇ ಒಂದು ಬ್ಯಾಟರಿಯನ್ನು ಮನೆಯ ಚಾರ್ಜರಿನಲ್ಲೇ ಬಿಟ್ಟು ಬಂದಿದ್ದೆ. ಹೆಂಡತಿ ಶಾಲೆಗೆ ಹೋಗಿಯಾಗಿತ್ತು. ನಾನು ಒಂದು ಫರ್ಸಿಯ ಗುಡ್ಡೆಯ ಹಿಂದೆ ನೆರಳಿನಲ್ಲಿ ಕೂತು ಡ್ರೋನನ್ನು ಸ್ವಲ್ಪ ಎತ್ತರಕ್ಕೆ ಏರಿಸಿ ಮರಿಗಳನ್ನು ಹುಡುಕುತ್ತಿದ್ದೆ. ಪರದೆಯ ಮೂಲೆಯಲ್ಲಿ, ಓಣಿಯಿಂದ ಬರುವ ಬಿಳಿ ಕಲ್ಲಿನ ದಾರಿಯಲ್ಲಿ, ಒಂದು ಹಸಿರು ಸೀರೆ ಕಂಡಿತು.

ನಮ್ಮ ಅತ್ತೆ. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಎದೆಗೆ ಅವಚಿಕೊಂಡಿದ್ದರು. ಬ್ಯಾಟರಿ ಅಂತ ಆಮೇಲೆ ಗೊತ್ತಾಯಿತು. ನಾನು ನೋಡುತ್ತಿದ್ದ ಹಾಗೆ ಅವರು ನಿಂತರು. ಒಂದು ಕೈ ಮೊಣಕಾಲಿಗೆ ಕೊಟ್ಟು ಬಗ್ಗಿದರು. ಪಕ್ಕದ ಬಂಡೆಯ ಮೇಲೆ ಕೂತರು. ಎದ್ದು ನಾಲ್ಕು ಹೆಜ್ಜೆ ಬಂದರು, ಮತ್ತೆ ಕೂತರು, ಈ ಸಲ ಬರೀ ನೆಲದ ಮೇಲೆ. ತಲೆಯ ಮೇಲೆ ಸೆರಗಿರಲಿಲ್ಲ. ಮೇಲಿನಿಂದ ಅವರ ನರೆತ ಬೈತಲೆ, ಏರಿ ಇಳಿಯುವ ಭುಜ ಎಲ್ಲ ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರು ಕೂತದ್ದನ್ನೇ ನಾನು ನೋಡಿರಲಿಲ್ಲ, ಅವರಿಗೆ ಉಸಿರಾಡುವುದು ಇಷ್ಟು ಕಷ್ಟ ಅಂತಲೂ ನೋಡಿರಲಿಲ್ಲ. ಹೆಂಡತಿ ಹೇಳಿದ್ದನ್ನು ಕೇಳಿದ್ದೆ ಅಷ್ಟೆ.

ಎದ್ದು ಓಡಬೇಕಿತ್ತು. ಓಡಲಿಲ್ಲ, ಯಾಕೆಂದರೆ ನಾನು ಕಂಡರೆ ಅವರು ಎದ್ದು ನಿಲ್ಲುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಹಾಗಾಗಿ ಗುಡ್ಡೆಯ ಹಿಂದಿನಿಂದಲೇ ಕೂಗಿದೆ.

“ಅತ್ತಿಯವ್ರೇ, ಅಲ್ಲೇ ಕುಂದ್ರಿ! ನಾ ಬರಂಗಿಲ್ಲ. ಪಂಪ್ ಹಚ್ಕೋರಿ!”

ನನ್ನ ದನಿ ಕೇಳಿದ್ದೇ ತಡ ಅವರು ಎದ್ದು ನಿಂತರು. ಪರದೆಯ ಮೇಲೆ ನಾನು ನೋಡುತ್ತಲೇ ಇದ್ದೆ. ಬಂಡೆ ಹಿಡಿದು, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿ, ಸೆರಗು ತಲೆಗೆ ಎಳೆದುಕೊಂಡು, ನನ್ನ ದನಿ ಬಂದ ಕಡೆಗೆ ಬೆನ್ನು ಮಾಡಿ ನಿಂತರು. ಕೈ ಸೊಂಟದ ಸಂಚಿಗೆ ಹೋಯಿತು. ಪಂಪು ಹೊರಬಂತು. ಹೊರಬಂದದ್ದು ಅಂಗೈಯಲ್ಲೇ ಮುಚ್ಚಿಕೊಂಡಿತು.

“ನಾ ನೋಡಾಕತ್ತಿಲ್ರಿ!” ಅಂತ ಮತ್ತೆ ಕೂಗಿದೆ, ಕಣ್ಣು ಪರದೆಯಲ್ಲಿ ನೆಟ್ಟುಕೊಂಡು.

ಅವರು ನಂಬಿದರೋ ಇಲ್ಲವೋ. ಮುಖವನ್ನು ಬಂಡೆಯ ಕಡೆಗೆ ತಿರುಗಿಸಿ, ಸೆರಗಿನ ಮರೆಯಲ್ಲಿ ಪಂಪನ್ನು ಬಾಯಿಗೆ ತಂದರು. ಪಂಪು ಜಾರಿತು, ಫರ್ಸಿಗಳ ಮೇಲೆ ಪುಟಿದು ನೀರಿನ ಕಡೆಗೆ ಉರುಳಿತು. ಅವರು ಅದರ ಹಿಂದೆ ಒಂದು ಹೆಜ್ಜೆ ಇಟ್ಟರು, ಆಮೇಲೆ ಕಾಲು ಸೋತು ಕುಸಿದು ಕೂತರು. ಕೂತವರು ಮತ್ತೆ ಏಳಲು ನೋಡಲಿಲ್ಲ.

ರಿಮೋಟನ್ನು ಕಲ್ಲಿನ ಮೇಲೆ ಎಸೆದು ಓಡಿದೆ. ಡ್ರೋನು ಇದ್ದಲ್ಲೇ ಗಾಳಿಯಲ್ಲಿ ನಿಂತಿತು. ಪಂಪು ನೀರಿನ ಅಂಚಿನ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕಿತ್ತು, ಅಂಗಿಗೆ ಒರೆಸಿ, ಅಲುಗಾಡಿಸುತ್ತಾ ಅವರ ಮುಂದೆ ಮಂಡಿ ಊರಿದೆ. ಆ ಸ್ಥಿತಿಯಲ್ಲೂ ಅವರ ಕೈ ಮಾಡಿದ ಕೆಲಸ ಸೆರಗನ್ನು ಮುಖಕ್ಕೆ ಎಳೆದುಕೊಂಡದ್ದು. ನಾನು ಆ ಸೆರಗನ್ನು ಸರಿಸಿದೆ. ನಮ್ಮ ಕಡೆ ಅಳಿಯನಾದವನು ಮಾಡಬಾರದ ಕೆಲಸ ಅದು. ತುಟಿ ನೀಲಿಗಟ್ಟಿದ್ದವು, ಕುತ್ತಿಗೆಯ ನರಗಳು ಎದ್ದು ನಿಂತಿದ್ದವು, ಕಣ್ಣು ಮಾತ್ರ ನನ್ನನ್ನು ನೋಡದೆ ಪಕ್ಕಕ್ಕೆ ತಿರುಗಿದ್ದವು.

“ಬಾಯಿ ತಗೀರಿ,” ಅಂದೆ. ತೆಗೆಯಲಿಲ್ಲ. “ಬಾಯಿ ತಗೀರಿ ಅಂದ್ನೆಲ್ಲ!” ಅಂತ ಗದರಿಸಿದೆ. ಹೆಂಡತಿಯ ತಾಯಿಯನ್ನು ನಾನು ಮಗುವನ್ನು ಗದರಿಸಿದಂತೆ ಗದರಿಸಿದೆ. ಅವರು ಬಾಯಿ ತೆರೆದರು. ಒತ್ತಿದೆ. “ಎಳೀರಿ ಒಳಗ. ಹಿಡೀರಿ. ಹಾಂ, ಈಗ ಬಿಡ್ರಿ.”

ಕಾಯಬೇಕಾದ ಆ ಹೊತ್ತು ನನಗೆ ಮುಗಿಯುವಂತೆಯೇ ಕಾಣಲಿಲ್ಲ. ಹೆಂಡತಿಗೆ ಏನಂತ ಹೇಳಲಿ ಅನ್ನುವ ಯೋಚನೆ ಒಂದು ಕಡೆ, ಆಟೋ ಎಲ್ಲಿಂದ ತರಲಿ ಅನ್ನುವುದು ಇನ್ನೊಂದು ಕಡೆ. ನಿಧಾನವಾಗಿ ಸುಂಯ್ ಅನ್ನುವ ಸದ್ದು ತೆಳುವಾಯಿತು. ತುಟಿಗೆ ಬಣ್ಣ ಬಂತು. ಅವರು ಕಣ್ಣು ಮುಚ್ಚಿ ಬಂಡೆಗೆ ಒರಗಿದರು. ಆಗಲೇ ನಾನು ಅವರ ಮುಖವನ್ನು ಪೂರ್ತಿ ನೋಡಿದ್ದು. ನನ್ನ ಹೆಂಡತಿಯದೇ ಮೂಗು, ಅದೇ ಗದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಹೋಲಿಕೆ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬ್ಯಾಟರಿ ಕಡಿಮೆಯಾಗಿ ಡ್ರೋನು ತಾನೇ ವಾಪಸ್ಸು ಹೊರಟಿತು. ಗುಂಯ್ ಅನ್ನುತ್ತಾ ನಮ್ಮ ತಲೆಯ ಮೇಲಿನಿಂದ ಹಾದು ಗುಡ್ಡೆಯ ಆಚೆ ಇಳಿಯಿತು. ಅತ್ತೆ ಕಣ್ಣು ತೆರೆದು ಅದು ಹೋದ ದಾರಿ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬ್ಯಾಟರಿಯನ್ನು ನನ್ನ ಮುಂದೆ ಹಿಡಿದರು.

“ಇದು ಬಿಟ್ಟು ಬಂದಿದ್ರಿ,” ಅಂದರು.

ಅಲ್ಲಿ ಮಗಳಿರಲಿಲ್ಲ, ಬಾಗಿಲಿರಲಿಲ್ಲ. ಮಾತು ನನಗೇ ಬಂದಿತ್ತು. ನಾನು ತಬ್ಬಿಬ್ಬಾಗಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ.

“ನನ್ನೂ ತೆಗೀತೇನ್ರಿ ಅದು?”

“ಹೌದ್ರಿ. ನೀವು ಬರೋದು, ಕುಂದ್ರೋದು, ಎಲ್ಲಾ.”

“ಮಗಳಿಗಿ ತೋರಸ್ಬ್ಯಾಡ್ರಿ. ಹೆದರ್ತಾಳ,” ಅಂದರು. ಉಸಿರು ಇನ್ನೂ ತುಂಡುತುಂಡಾಗಿ ಬರುತ್ತಿತ್ತು, ಮಾತೂ ಹಾಗೇ ಬಂತು. “ಒಂದ್ ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ.”

“ಹೇಳ್ರಿ.”

“ಕಲಬುರ್ಗಿ ದವಾಖಾನ್ಯಾಗ ಇಟ್ಟಾಗ ನೀವು ದಿನಾ ಬರ್ತಿದ್ರಿ. ಮಂಚದ ಕಾಲಕಡಿ ನಿಂದರ್ತಿದ್ರಿ. ಭಾಳ ಹೊತ್ತು ನಿಂದರ್ತಿದ್ರಿ.”

ನಿಜ. ಕೆಲಸ ಬಿಟ್ಟು ದಿನಾ ಹೋಗುತ್ತಿದ್ದೆ. ಮಾತಾಡುವ ಹಾಗಿಲ್ಲವಲ್ಲ, ನಿಂತಾದರೂ ನಿಲ್ಲೋಣ, ನಮ್ಮವರು ಇದ್ದಾರೆ ಅಂತ ಅವರಿಗೆ ಧೈರ್ಯ ಬರಲಿ ಅಂತ ಕಾಲು ನೋಯುವವರೆಗೂ ನಿಲ್ಲುತ್ತಿದ್ದೆ.

“ಮೂಗ್ನ್ಯಾಗ ಗಾಳಿ ನಳಿಗಿ ಹಾಕಿದ್ರು,” ಅಂದರು ಅತ್ತೆ. “ಅದು ಹಾಕ್ಕೊಂಡು, ತಲಿ ಬಿಚ್ಕೊಂಡು ಅಳೇರ ಮುಂದ ಹ್ಯಾಂಗ ಮಲಗೋದು? ನೀವು ಬರೋದು ಕಂಡ್ರ ತಗದು ದಿಂಬಿನ ಕೆಳಗ ಇಡ್ತಿದ್ದೆ. ನೀವು ಹೋಗೋತನ ತಡ್ಕೊಂಡಿರ್ತಿದ್ದೆ. ಒಂದಿನ ನಿಮಗ ಕಣ್ಣಾಗ ನೀರು ಬಂದಿತ್ತು. ಆವತ್ತು ಭಾಳ ಹೊತ್ತು ನಿಂತ್ರಿ.”

ಅವರು ದೂರು ಹೇಳುತ್ತಿರಲಿಲ್ಲ, ದನಿಯಲ್ಲಿ ಆ ಸುಳಿವೂ ಇರಲಿಲ್ಲ. ಎರಡನೆಯ ಸಲ ಪಂಪು ತಗೊಳ್ಳುವ ಹೊತ್ತಾಗಿತ್ತು. ನಾನು ಅದನ್ನು ಅವರ ಕೈಯಲ್ಲಿಟ್ಟು, ಅಭ್ಯಾಸಬಲದಿಂದ ಎದ್ದು, ಗುಡ್ಡೆಯ ಆಚೆ ಹೋಗಲು ಬೆನ್ನು ತಿರುಗಿಸಿದೆ.

“ಎಲ್ಲಿ ಹೊಂಟ್ರಿ?” ಅಂದರು ಹಿಂದಿನಿಂದ. “ಕುಂದ್ರಿ.”

ಕೂತೆ. ಅವರೂ ಕೂತೇ ಇದ್ದರು, ಹೆಗಲ ಮೇಲೆ ಬಿದ್ದ ಸೆರಗು ಬಿದ್ದಲ್ಲೇ ಇತ್ತು. ನನ್ನ ಕಡೆ ಮುಖ ಮಾಡಿಕೊಂಡೇ ಅವರು ಬಾಯಿ ತೆರೆದು, ಪಂಪು ಒತ್ತಿ, ಎದೆ ತುಂಬುವವರೆಗೆ ಎಳೆದುಕೊಂಡರು.